ಬಿಪಿ ಸರಿ ಇದ್ದರೂ ಪೇಶೆಂಟ್ ಶಾಕ್‌ನಲ್ಲಿ (ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿ) ಇರಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು: ಡೊಂಬಿವಲಿ, ಹೊಸ ಸ್ಟಾಫ್ ನರ್ಸ್

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದ ಕಡೆಯವಳು. ಹುಬ್ಬಳ್ಳಿಯಲ್ಲಿ ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ, ಮೂರು ತಿಂಗಳ ಹಿಂದೆ ಇಲ್ಲಿ ಒಂದು ನರ್ಸಿಂಗ್ ಹೋಮ್‌ನ ಕ್ಯಾಶುವಾಲ್ಟಿಗೆ ಸೇರಿದ್ದೇನೆ. ಹೋದ ವಾರ ವಾಂತಿ-ಭೇದಿ ಅಂತ 58 ವರ್ಷದವರೊಬ್ಬರು ಬಂದರು. ಬಿಪಿ 104/84, ಪಲ್ಸ್ 126. ಬಿಪಿ ಪರವಾಗಿಲ್ಲ ಅಂದುಕೊಂಡು ಚಾರ್ಟ್ ಬರೆದು ಮುಂದಿನ ಬೆಡ್‌ಗೆ ಹೋದೆ. ಮುಕ್ಕಾಲು ಗಂಟೆಯಲ್ಲಿ ಬಿಪಿ 70. ಎರಡೂ ಕೈಗೆ ಸಲೈನ್ ಓಡಿಸಿ ಉಳಿಸಿಕೊಂಡರು. ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಅಂತ ನನಗೆ ಚೆನ್ನಾಗಿ ಬಿತ್ತು.

ಮೂರು ದಿನ ಬಿಟ್ಟು ಒಬ್ಬ ಅಜ್ಜಿ ಬಂದರು, ಬಿಪಿ 80. ಈ ಸಲ ತಡ ಮಾಡಬಾರದು ಅಂತ ಓಡಿಹೋಗಿ ಸಲೈನ್ ಫುಲ್ ಬಿಟ್ಟೆ. ಸೀನಿಯರ್ ಬಂದು ಕೈ ಹಿಡಿದು ನಿಲ್ಲಿಸಿದರು. ಹಾರ್ಟ್ ಪೇಶೆಂಟ್ ಅಂತೆ. ಕೊಡದಿದ್ದಕ್ಕೂ ಬೈಗುಳ, ಕೊಟ್ಟಿದ್ದಕ್ಕೂ ಬೈಗುಳ. ಶಾಕ್‌ನ ನಾಲ್ಕು ಬಗೆ (ನೀರು-ರಕ್ತ ಕಡಿಮೆಯಾಗೋದು, ಹೃದಯ ಸೋಲೋದು, ರಕ್ತನಾಳ ಹಿಗ್ಗೋದು, ರಕ್ತದ ದಾರಿ ಕಟ್ಟೋದು) ನನಗೆ ಬಾಯಿಪಾಠ ಬರುತ್ತೆ. ಪೇಶೆಂಟ್ ಮುಂದೆ ನಿಂತಾಗ ಒಂದೂ ನೆನಪಾಗಲ್ಲ. ನೀವೆಲ್ಲ ಹೇಗೆ ಗುರುತಿಸ್ತೀರಿ?

ಮುಲುಂಡ್, ಐಸಿಯು ಸಿಸ್ಟರ್, 19 ವರ್ಷದ ಸರ್ವಿಸ್

ತಂಗಿ, ಬೈಗುಳ ಎಲ್ಲರೂ ತಿಂದಿದ್ದೇವೆ. ಅದನ್ನು ಬಿಡು. ನಿನ್ನ ಮೊದಲ ಪೇಶೆಂಟ್‌ನ ನಂಬರ್ ಇನ್ನೊಮ್ಮೆ ನೋಡು. 104ರಿಂದ 84 ಕಳೆ. ಇಪ್ಪತ್ತು. ಚೆನ್ನಾಗಿರುವವರಲ್ಲಿ ಈ ಅಂತರ ನಲವತ್ತರ ಹತ್ತಿರ ಇರುತ್ತೆ. ಮೈಯಲ್ಲಿ ನೀರೋ ರಕ್ತವೋ ಕಡಿಮೆಯಾದಾಗ ದೇಹ ಕೈಕಾಲಿನ ರಕ್ತನಾಳಗಳನ್ನು ಬಿಗಿಮಾಡಿ, ಇದ್ದದ್ದನ್ನು ಮಿದುಳಿಗೂ ಹೃದಯಕ್ಕೂ ಉಳಿಸುತ್ತೆ. ಹಾಗೆ ಬಿಗಿಯಾದಾಗ ಕೆಳಗಿನ ನಂಬರ್ ಮೇಲೇರುತ್ತೆ. ಮೇಲಿನ ನಂಬರ್ ತುಂಬಾ ಹೊತ್ತು ಸುಳ್ಳು ಹೇಳುತ್ತೆ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇದ್ದರೆ, ಒಂದೂವರೆ ಲೀಟರ್ ಹೋಗುವವರೆಗೂ ಬಿಪಿ ಹೇಗೋ ನಿಂತಿರಬಹುದು. ಇನ್ನೊಂದು ಲೆಕ್ಕ: ಪಲ್ಸನ್ನು ಮೇಲಿನ ಬಿಪಿಯಿಂದ ಭಾಗಿಸು. 0.5ರಿಂದ 0.7 ಇದ್ದರೆ ಸರಿ. ಪಲ್ಸ್ ಬಿಪಿಯನ್ನು ದಾಟಿತು ಅಂದರೆ ಕುರ್ಚಿಯಿಂದ ಏಳಬೇಕು. ನಿನ್ನವರದು 1.2 ಇತ್ತು.

ಆದರೆ ನಾನು ಲೆಕ್ಕಕ್ಕಿಂತ ಮೊದಲು ಕಾಲು ಮುಟ್ಟುತ್ತೇನೆ. ಇದನ್ನು ಕಲಿಸಿದ್ದು ಡಾಕ್ಟರ್ ಅಲ್ಲ, ನಮ್ಮ ವಾರ್ಡಿನ ಮಾವಶಿ, ಅಂದರೆ ಆಯಾ. ನಾನು ಹೊಸಬಳಿದ್ದಾಗ ಒಂದು ಬೆಳಿಗ್ಗೆ ಸ್ಪಂಜ್ ಮಾಡ್ತಾ, 'ಸಿಸ್ಟರ್, ಆಜೋಬಾಂಚೆ ಪಾಯ್ ಥಂಡ್ ಪಡ್ಲೇ' ಅಂದಳು. ಅಜ್ಜನ ಕಾಲು ತಣ್ಣಗಾಗಿದೆ ಅಂತ. ನಾನು ಮಾನಿಟರ್ ತೋರಿಸಿದೆ, ಬಿಪಿ 116. ಮಾವಶಿ ಮಾನಿಟರ್ ಕಡೆ ನೋಡಲೇ ಇಲ್ಲ. 'ಕಾಲ್ ಗರಮ್ ಹೋತೇ' ಅಂದಳು. ನಿನ್ನೆ ಬೆಚ್ಚಗಿತ್ತು. ಮಧ್ಯಾಹ್ನದ ಹೊತ್ತಿಗೆ ಅಜ್ಜನಿಗೆ ಕಪ್ಪು ಮಲ ಹೋಯ್ತು, ಹೊಟ್ಟೆಯ ಅಲ್ಸರ್‌ನಿಂದ ರಕ್ತ ಒಸರುತ್ತಿತ್ತು.

ಅಂದಿನಿಂದ ಪಾದದಿಂದ ಶುರು ಮಾಡಿ ಕೈ ಮೇಲಕ್ಕೆ ಒಯ್ಯುತ್ತೇನೆ. ತಣ್ಣಗಿರೋದು ಎಲ್ಲಿಗೆ ನಿಲ್ಲುತ್ತೆ, ಪಾದಕ್ಕಾ, ಮೊಣಕಾಲಿಗಾ? ಮೊಣಕಾಲೂ ತಣ್ಣಗಿದ್ದರೆ ನನಗೆ ಸಮಾಧಾನ ಇರಲ್ಲ. ಆಮೇಲೆ ಬೆರಳ ತುದಿ ಐದು ಸೆಕೆಂಡ್ ಒತ್ತಿ ಬಿಡು. ಬಿಳಿಚಿದ ಜಾಗಕ್ಕೆ ಬಣ್ಣ ಮರಳಲು ಮೂರು ಸೆಕೆಂಡ್‌ಗಿಂತ ಜಾಸ್ತಿ ಹಿಡಿದರೆ ಬರೆದಿಡು. ಎಸಿ ಜೋರಾಗಿದ್ದರೆ ಇದು ಮೋಸ ಮಾಡುತ್ತೆ, ಅದೂ ನೆನಪಿರಲಿ. ಮೂರನೆಯದು ಯೂರಿನ್. ಕಡಿಮೆ ಅಂದರೂ ತಾಸಿಗೆ ಕೆಜಿಗೆ ಅರ್ಧ ಎಂಎಲ್ ಹೋಗಬೇಕು, ಅಂದರೆ 60 ಕೆಜಿಯವರಿಗೆ 30 ಎಂಎಲ್. ನಾಲ್ಕನೆಯದು ಮಾತು. ಮಾಸ್ಕ್ ಕಿತ್ತು ಎಸೆಯುವ, ಸುಮ್ನೆ ಎದ್ದು ಕೂರುವ ಪೇಶೆಂಟನ್ನು ಮನೆಯವರು ಹಟ ಮಾಡ್ತಿದ್ದಾರೆ ಅಂತಾರೆ. ಮಿದುಳಿಗೆ ರಕ್ತ ಸಾಲದಿದ್ದರೂ ಹಾಗೇ ಆಡ್ತಾರೆ. ನಿದ್ದೆ ಬರಲಿ ಅಂತ ಇಂಜೆಕ್ಷನ್ ಕೊಡಿಸೋಕೆ ಹೋಗಬೇಡ.

ಎರಡು ಮೋಸಗಳಿವೆ. ಮೆಟೊಪ್ರೊಲಾಲ್ ಥರದ, ಹೃದಯದ ಬಡಿತ ತಗ್ಗಿಸುವ ಮಾತ್ರೆ ತಗೊಳ್ಳುವವರ ಪಲ್ಸ್ ಏರೋದೇ ಇಲ್ಲ, ಅದಕ್ಕೇ ಮನೆಯವರಿಗೆ ಮಾತ್ರೆಯ ಸ್ಟ್ರಿಪ್ ತರಿಸು. ಇನ್ನು ಯಾವಾಗಲೂ 170 ಇರುವವರಿಗೆ 110 ಅಂದರೆ ನಾರ್ಮಲ್ ಅಲ್ಲ, ಅದೇ ಲೋ.

ಈಗ ನಿನ್ನ ಅಜ್ಜಿ. ಅವರ ಪೈಪಿನಲ್ಲಿ ನೀರಿತ್ತು, ಪಂಪ್ ಕೆಟ್ಟಿತ್ತು. ಅಂಥವರೂ ತಣ್ಣಗೆ ಬೆವರಿರುತ್ತಾರೆ, ಅದಕ್ಕೇ ಗೊಂದಲ. ಕುತ್ತಿಗೆ ನೋಡು. ತಲೆ ಸ್ವಲ್ಪ ಎತ್ತಿ ಮಲಗಿಸಿದಾಗ ಕುತ್ತಿಗೆಯ ಸಿರೆ ಉಬ್ಬಿ ನಿಂತಿದ್ದರೆ, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದರೆ, ಶ್ವಾಸಕೋಶದ ಬುಡದಲ್ಲಿ ಚರಚರ ಸದ್ದಿದ್ದರೆ, ನೀನು ಬಿಡುವ ಸಲೈನ್ ಶ್ವಾಸಕೋಶಕ್ಕೇ ಹೋಗಿ ತುಂಬುತ್ತೆ. ಅವರಿಗೆ ಬೇಕಾದದ್ದು ಇಸಿಜಿ, ಬಿಪಿ ಹಿಡಿದು ನಿಲ್ಲಿಸುವ ಔಷಧಿ, ಮತ್ತು ಹೃದಯದ ಮುಚ್ಚಿದ ರಕ್ತನಾಳ ಆದಷ್ಟು ಬೇಗ ತೆರೆಯುವ ಜಾಗ. ವಾಂತಿ-ಭೇದಿಯವರ ಕುತ್ತಿಗೆಯ ಸಿರೆ ಹುಡುಕಿದರೂ ಸಿಗಲ್ಲ, ನಾಲಿಗೆ ಒಣಗಿರುತ್ತೆ. ಇದಕ್ಕೂ ಒಂದು ಅಪವಾದ ಇದೆ. ಹೃದಯಾಘಾತ ಹೃದಯದ ಬಲಭಾಗಕ್ಕೆ ಆಗಿದ್ದರೆ ಸಿರೆ ಉಬ್ಬಿರುತ್ತೆ, ಶ್ವಾಸಕೋಶ ಮಾತ್ರ ಸ್ವಚ್ಛ. ಅವರಿಗೆ ನಾಲಿಗೆ ಕೆಳಗಿನ ನೈಟ್ರೇಟ್ ಮಾತ್ರೆ ಇಟ್ಟರೆ ಬಿಪಿ ದಢಾರಂತ ಬೀಳುತ್ತೆ. ಎದೆನೋವು ಅಂದ ಕೂಡಲೇ ಮಾತ್ರೆ ಇಡುವ ಅಭ್ಯಾಸ ಅದಕ್ಕೇ ನನಗೆ ಸೇರಲ್ಲ. ಮೊದಲು ಬಿಪಿ, ಇಸಿಜಿ.

ಪುಣೆ, ಮೆಡಿಸಿನ್ ವಾರ್ಡ್ ಡಾಕ್ಟರ್, ಊರು ಧಾರವಾಡ

ಸಿಸ್ಟರ್ ಹೇಳಿದ ಇಪ್ಪತ್ತರ ಅಂತರ ಮಳೆಗಾಲದಲ್ಲಿ ನನಗೆ ದಿನಾ ಬೇಕು. ಡೆಂಗೆಯಲ್ಲಿ ಜ್ವರ ಇಳಿದ ದಿನವೇ ಅಪಾಯದ ದಿನ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ ಅದು ಬರುತ್ತೆ. ಮನೆಯವರು 'ತಾಪ ಉತರಲಾ', ಜ್ವರ ಇಳೀತು, ಡಿಸ್ಚಾರ್ಜ್ ಕೊಡಿ ಅಂತಾರೆ. ಅದೇ ಹೊತ್ತಿಗೆ ರಕ್ತನಾಳಗಳಿಂದ ನೀರಿನಂಶ ಸೋರೋಕೆ ಶುರುವಾಗಿರುತ್ತೆ. ಹೊಟ್ಟೆನೋವು, ನಿಲ್ಲದ ವಾಂತಿ, ಮಂಕು, ಏರುತ್ತಿರುವ ಹಿಮಟೋಕ್ರಿಟ್ (ರಕ್ತ ಎಷ್ಟು ಗಟ್ಟಿಯಾಗಿದೆ ಅನ್ನುವ ಲೆಕ್ಕ) ಇದ್ದರೆ ಕಳಿಸಲ್ಲ. ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಮೇಲೆ. ಪಪಾಯಿ ಎಲೆ ಅರೆದು ತರುವವರಿಗೆ ನಾನು ಬೈಯಲ್ಲ, ಆದರೆ ಹುಡುಗನಿಗೆ ಯೂರಿನ್ ಎಷ್ಟು ಹೋಯ್ತು ಅಂತ ಕೇಳಿದರೆ ಉತ್ತರ ಇರಲ್ಲ. ಸೋರಿಕೆ 24ರಿಂದ 48 ಗಂಟೆ ಇರುತ್ತೆ. ಆಮೇಲೆ ಸೋರಿದ್ದು ವಾಪಸ್ ರಕ್ತಕ್ಕೆ ಬರುತ್ತೆ. ಆಗಲೂ ಡ್ರಿಪ್ ಹಾಗೇ ಓಡುತ್ತಿದ್ದರೆ ಎದೆಯಲ್ಲಿ ನೀರು ತುಂಬುತ್ತೆ.

ಸೋಂಕಿನ ಶಾಕ್ ಇನ್ನೊಂದು ಥರ ಮೋಸ ಮಾಡುತ್ತೆ. ಮೊದಮೊದಲು ಕೈ ಬೆಚ್ಚಗೇ ಇರಬಹುದು, ಮೈ ಕೆಂಪಗಿರಬಹುದು. ರಕ್ತನಾಳಗಳು ಸಡಿಲವಾಗಿ ಹಿಗ್ಗಿರುತ್ತವೆ. ಇಲ್ಲಿ ಕಾಲು ಮುಟ್ಟಿ ಸಮಾಧಾನ ಪಡಬೇಡಿ, ಉಸಿರಾಟ ಎಣಿಸಿ. ನಿಮಿಷಕ್ಕೆ 22 ದಾಟಿದರೆ ಎಚ್ಚರ. ಶಾಕ್ ಅನ್ನುವ ಅನುಮಾನ ಬಂದ ಮೇಲೆ ಆ್ಯಂಟಿಬಯೋಟಿಕ್ ಒಂದು ಗಂಟೆಯೊಳಗೆ ಹೋಗಬೇಕು. ಕಲ್ಚರ್‌ಗೆ (ಯಾವ ರೋಗಾಣು ಅಂತ ನೋಡುವ ಪರೀಕ್ಷೆಗೆ) ರಕ್ತ ಮೊದಲೇ ತೆಗೆಯಿರಿ, ಅದಕ್ಕಾಗಿ ಔಷಧಿ ತಡ ಮಾಡಬೇಡಿ. ಸಲೈನ್ ಮೊದಲ ಮೂರು ಗಂಟೆಯಲ್ಲಿ ಕೆಜಿಗೆ 30 ಎಂಎಲ್ ಅನ್ನೋದು ಪುಸ್ತಕದ ಮಾತು. ನಾನು ಪ್ರತಿ ಅರ್ಧ ಲೀಟರ್‌ಗೆ ಸ್ಟೆತ್ ಇಟ್ಟು ನೋಡ್ತೇನೆ. ಬಿಪಿ ಹಿಡಿಯದಿದ್ದರೆ ರಕ್ತನಾಳ ಬಿಗಿಮಾಡುವ ನಾರ್‌ಅಡ್ರಿನಲಿನ್. ಸೆಂಟ್ರಲ್ ಲೈನ್ (ದೊಡ್ಡ ಸಿರೆಗೆ ಹಾಕುವ ನಳಿಕೆ) ಹಾಕುವವರೆಗೂ ಕಾಯಬೇಕಿಲ್ಲ, ಮೊಣಕೈ ಹತ್ತಿರದ ಒಳ್ಳೆ ಸಿರೆಯಲ್ಲಿ ಸ್ವಲ್ಪ ಹೊತ್ತು ಶುರು ಮಾಡಬಹುದು. ಆದರೆ ಆ ಜಾಗ ಊದಿತಾ, ಬಿಳಿಚಿತಾ ಅಂತ ನೋಡುತ್ತಿರೋದು ನಿಮ್ಮ ಕೆಲಸ. ಗುರಿ ಸರಾಸರಿ ಬಿಪಿ (ಎಂಎಪಿ) 65.

ಮುಂಬೈಯಲ್ಲಿ ಮಳೆ ನೀರಿನಲ್ಲಿ ನಡೆದು ಬಂದು, ಮೀನಖಂಡ ನೋಯುತ್ತೆ, ಜ್ವರ, ಕಣ್ಣು ಕೆಂಪು ಅಂದರೆ ಲೆಪ್ಟೋ (ಇಲಿಜ್ವರ) ತಲೆಯಲ್ಲಿರಲಿ. 2005ರ ಜುಲೈ 26ರ ಆ ಮಳೆ, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದದ್ದು, ಅದರ ಬೆನ್ನಿಗೆ ಲೆಪ್ಟೋ ಎಷ್ಟು ಬಂತು ಅಂತ ಅಲ್ಲಿಯ ಹಳೇ ಸಿಸ್ಟರ್‌ಗಳನ್ನು ಕೇಳಿ.

ಗೋವಾ, ಆಂಬ್ಯುಲೆನ್ಸ್‌ನಲ್ಲಿ ಕೆಲಸ, ಊರು ಹಾವೇರಿ

ಅಕ್ಕಾ, ನಾನು ಓದಿದ್ದು ಕಡಿಮೆ, ಕಂಡದ್ದು ಹೇಳ್ತೇನೆ. ವೆರ್ಣಾ ಹತ್ತಿರ ಬೈಕ್ ಬಿದ್ದಿತ್ತು. ಹುಡುಗನಿಗೆ ಹೊರಗೆ ರಕ್ತವೇ ಇಲ್ಲ. ಬಿಪಿ 70, ಆಕ್ಸಿಜನ್ ಇಳೀತಾ ಇದೆ, ಎದೆಯ ಎಡಭಾಗ ಏಳ್ತಾನೇ ಇಲ್ಲ, ಕುತ್ತಿಗೆ ಸಿರೆ ಹಗ್ಗದ ಹಾಗೆ. ದಾರಿಯಲ್ಲೇ ಫೋನ್ ಮಾಡಿ ಎದೆಯಲ್ಲಿ ಗಾಳಿ ತುಂಬಿರಬಹುದು ಅಂದೆವು. ಡಾಕ್ಟರ್ ಎಕ್ಸ್‌ರೇಗೆ ಕಾಯಲಿಲ್ಲ, ಸ್ಟ್ರೆಚರ್ ಮೇಲೇ ಸೂಜಿ ಹಾಕಿದರು. ಸೈಕಲ್ ಟ್ಯೂಬ್ ಬಿಟ್ಟ ಹಾಗೆ ಸದ್ದು. ಬಿಪಿ ತಾನಾಗಿಯೇ ಏರಿತು. ಹೃದಯಕ್ಕೆ ರಕ್ತ ಬರುವ ದಾರಿಯೇ ಒತ್ತಿ ಹೋಗಿತ್ತಂತೆ. ಹೃದಯದ ಸುತ್ತ ರಕ್ತ ತುಂಬಿದರೂ, ಶ್ವಾಸಕೋಶದ ದೊಡ್ಡ ನಾಳಕ್ಕೆ ಹೆಪ್ಪು ಸಿಕ್ಕಿಕೊಂಡರೂ ಇದೇ ಗುಂಪು, ರಕ್ತದ ದಾರಿ ಕಟ್ಟುವ ಶಾಕ್, ಅಂತ ಆಮೇಲೆ ಹೇಳಿಕೊಟ್ಟರು.

ಇನ್ನೊಮ್ಮೆ ನಮ್ಮ ಕಡೆಯ ಹುಡುಗನೇ, ಸೆಂಟ್ರಿಂಗ್ ಕೆಲಸದಲ್ಲಿ ಎರಡನೇ ಮಹಡಿಯಿಂದ ಬಿದ್ದಿದ್ದ. ಬಿಪಿ 80, ಆದರೆ ಪಲ್ಸ್ ಬರೀ 52, ಕಾಲು ಬೆಚ್ಚಗೆ, ಒಣ. ಕುತ್ತಿಗೆಯ ಮೂಳೆ ಮುರಿದಿತ್ತು, ರಕ್ತನಾಳ ಹಿಡಿಯುವ ನರದ ಮಾತೇ ನಿಂತಿತ್ತು. ಹೀಗಿದ್ದರೂ ಬಿದ್ದವರಲ್ಲಿ ಮೊದಲು ಒಳಗಿನ ರಕ್ತಸ್ರಾವ ಹುಡುಕಬೇಕು, ಬೆನ್ನುಹುರಿಯ ಶಾಕ್ ಅನ್ನೋದು ಆಮೇಲೆ. ಸೊಂಟದ ಮೂಳೆ ಮುರಿದಿದೆ ಅನಿಸಿದರೆ ಬೆಡ್‌ಶೀಟ್ ಸುತ್ತಿ ಬಿಗಿ ಕಟ್ಟುತ್ತೇವೆ. ಕಟ್ಟೋದು ಬೆಲ್ಟ್ ಜಾಗದಲ್ಲಲ್ಲ, ಅದಕ್ಕಿಂತ ಕೆಳಗೆ, ತೊಡೆ ಶುರುವಾಗುವ ಕಡೆ ಮೂಳೆ ಉಬ್ಬಿರುತ್ತಲ್ಲ, ಅಲ್ಲಿ.

ಮಾಟುಂಗಾ, ಹೋಟೆಲ್ ಮ್ಯಾನೇಜರ್

ನಾನು ಆಸ್ಪತ್ರೆಯವನಲ್ಲ. ನಮ್ಮ ಸಪ್ಲೈಯರ್ ಹುಡುಗ ರಜೆಯ ದಿನ ಸಿಗಡಿ ತಿಂದು ಬಂದ. ಹತ್ತು ನಿಮಿಷದಲ್ಲಿ ಮೈಯೆಲ್ಲ ದದ್ದು, ತುಟಿ ಊದಿತು, ಸ್ವರ ಕೆಟ್ಟಿತು. ನಾವು ಎಬ್ಬಿಸಿ ಟ್ಯಾಕ್ಸಿವರೆಗೆ ನಡೆಸಿದೆವು. ಬಾಗಿಲಲ್ಲೇ ಕುಸಿದ. ಪಕ್ಕದ ಕ್ಲಿನಿಕ್ ಡಾಕ್ಟರ್ ಓಡಿ ಬಂದು ತೊಡೆಗೆ ಸೂಜಿ ಕೊಟ್ಟರು, ಬದುಕಿದ. ನಡೆಸಿದ್ದೇ ತಪ್ಪು ಅಂತ ನಮಗೆ ಹೇಳಿದರು. ಹೌದಾ?

ಮುಲುಂಡ್ ಸಿಸ್ಟರ್

ಹೌದು ಅಣ್ಣ. ಅಲರ್ಜಿಯ ಶಾಕ್‌ನಲ್ಲಿ ದಿಢೀರ್ ಎಬ್ಬಿಸಿದರೆ ಹೃದಯಕ್ಕೆ ಬರುವ ರಕ್ತ ಕಾಲಿಗಿಳಿಯುತ್ತೆ. ಮಲಗಿಸಿ ಕಾಲು ಎತ್ತಿಡಬೇಕು. ಉಸಿರು ಕಟ್ಟುತ್ತಿದ್ದರೆ ಕಾಲು ಚಾಚಿ ಕೂರಿಸಬಹುದು. ನಡೆಸಬಾರದು. 108ಕ್ಕೆ ಫೋನ್ ಮಾಡಿ.

ತಂಗಿ, ಇದು ನಿನಗೆ. ಅಲರ್ಜಿ ಅಂದ ಕೂಡಲೇ ಅವಿಲ್ (ಅಲರ್ಜಿ ಇಂಜೆಕ್ಷನ್), ಹೈಡ್ರೋಕಾರ್ಟಿಸೋನ್ (ಸ್ಟೀರಾಯ್ಡ್) ಹುಡುಕಿಕೊಂಡು ಓಡುವವರನ್ನು ಇವತ್ತಿಗೂ ನೋಡ್ತೇನೆ. ಅವು ಆಮೇಲೆ. ಮೊದಲು ಅಡ್ರಿನಲಿನ್. ದೊಡ್ಡವರಿಗೆ ಒಂದು ಎಂಎಲ್‌ನ ಆಂಪೂಲ್‌ನಲ್ಲಿ ಅರ್ಧ, ತೊಡೆಯ ನಡುವೆ ಹೊರಬದಿಯ ಸ್ನಾಯುವಿಗೆ. ಸುಧಾರಿಸದಿದ್ದರೆ ಐದು ನಿಮಿಷಕ್ಕೆ ಮತ್ತೆ. ಆಂಪೂಲ್ ಕ್ರ್ಯಾಶ್ ಟ್ರಾಲಿಯ ಯಾವ ಡ್ರಾಯರ್‌ನಲ್ಲಿದೆ ಅಂತ ಡ್ಯೂಟಿ ಶುರುವಾದಾಗಲೇ ನೋಡಿಡು.

ಥಾಣೆ, ಹೆರಿಗೆ ವಾರ್ಡ್

ಒಂದೇ ಮಾತು ಸೇರಿಸ್ತೇನೆ. ಗರ್ಭಿಣಿಯರು, ಬಾಣಂತಿಯರು ಬಿಪಿಯನ್ನು ಇನ್ನೂ ಜಾಸ್ತಿ ಹೊತ್ತು ಹಿಡಿದಿಡ್ತಾರೆ. ಅವರಲ್ಲಿ ಪಲ್ಸ್-ಬಿಪಿ ಲೆಕ್ಕ 0.9 ದಾಟಿದರೇ ನಾವು ಓಡ್ತೇವೆ. ಮತ್ತೆ, ವಯಸ್ಸಿನ ಹುಡುಗಿ ಹೊಟ್ಟೆನೋವು, ತಲೆ ಸುತ್ತಿ ಬಿದ್ದೆ ಅಂದರೆ ಮುಟ್ಟಿನ ತಾರೀಖು ಕೇಳದೆ ಬಿಡಬೇಡ, ಗರ್ಭ ನಾಳದಲ್ಲಿ ನಿಂತು ಒಡೆದು ಒಳಗೇ ರಕ್ತ ಹೋಗ್ತಿರಬಹುದು.

ಡೊಂಬಿವಲಿ, ಕೇಳಿದವಳು

ಅಕ್ಕ, ರಾತ್ರಿ ಆರ್‌ಎಂಓನ (ಡ್ಯೂಟಿ ಡಾಕ್ಟರ್) ಎಬ್ಬಿಸೋಕೇ ಭಯ ಆಗುತ್ತೆ. ಬಿಪಿ ಸರಿ ಇದ್ದರೆ ಏನಂತ ಹೇಳಲಿ?

ಮುಲುಂಡ್ ಸಿಸ್ಟರ್

'ಸರ್, ಪೇಶೆಂಟ್ ಸರಿ ಕಾಣ್ತಿಲ್ಲ' ಅಂದರೆ ಯಾರೂ ಏಳಲ್ಲ. ಪಲ್ಸ್ ಇಷ್ಟು, ಬಿಪಿ ಅಂತರ ಇಷ್ಟು, ಮೊಣಕಾಲಿನವರೆಗೆ ತಣ್ಣಗೆ, ಹೋದ ಗಂಟೆ ಯೂರಿನ್ ಇಷ್ಟು, ಬಂದು ನೋಡಿ ಅನ್ನು. ಫೋನ್ ಮಾಡಿದ ಸಮಯ ನೋಟ್ಸ್‌ನಲ್ಲಿ ಬರಿ.

ಡೊಂಬಿವಲಿ, ಕೇಳಿದವಳು, ಆರು ದಿನದ ನಂತರ

ನಿನ್ನೆ ನೈಟ್ ಇತ್ತು. ಗರ್ಭಕೋಶದ ಆಪರೇಷನ್ ಆಗಿದ್ದ 44 ವರ್ಷದವರು. ಬಿಪಿ 112/92, ಪಲ್ಸ್ 118. ಯೂರಿನ್ ಬ್ಯಾಗಿನಲ್ಲಿ ಒಂದು ಗಂಟೆಗೆ 15 ಎಂಎಲ್. ಡ್ರೆಸ್ಸಿಂಗ್ ಒಣಗಿಯೇ ಇತ್ತು, ಆದರೆ ಮೊಣಕಾಲು ತಣ್ಣಗಿತ್ತು. 3.10ಕ್ಕೆ ಫೋನ್ ಮಾಡಿ ನೀವು ಹೇಳಿದ ಹಾಗೇ ನಾಲ್ಕೂ ಹೇಳಿದೆ. ಆರ್‌ಎಂಓ ಕಣ್ಣುಜ್ಜಿಕೊಂಡು ಬಂದು ಸೋನೋಗ್ರಫಿ ಮಿಷನ್ ತರಿಸಿದರು. ಹೊಟ್ಟೆಯೊಳಗೆ ರಕ್ತ. ನಾಲ್ಕೂವರೆಗೆ ಮತ್ತೆ ಓಟಿಗೆ ತಗೊಂಡು ಹೋದರು. ಬೆಳಿಗ್ಗೆ ನನ್ನ ಡ್ಯೂಟಿ ಮುಗಿಯುವಾಗ ಎರಡನೇ ಬ್ಯಾಗ್ ರಕ್ತ ಹೋಗ್ತಿತ್ತು. ಹೊರಡುವ ಮೊದಲು ಒಮ್ಮೆ ಮೊಣಕಾಲು ಮುಟ್ಟಿ ಬಂದೆ. ಇನ್ನೂ ಸ್ವಲ್ಪ ತಣ್ಣಗೇ ಇತ್ತು.