ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ, ಏನು ಕೊಡೋಣ?

ಅರಸೀಕೆರೆ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ಅಮ್ಮನ ಮದುವೆ ಆಗಿದ್ದು 1976ರ ಮೇ ತಿಂಗಳಲ್ಲಿ. ಬರುವ ಮೇಗೆ ಐವತ್ತು ವರ್ಷ ತುಂಬುತ್ತದೆ. ಅಪ್ಪನಿಗೆ 76, ಅಮ್ಮನಿಗೆ 69. ಊರಲ್ಲಿ ತೋಟ ನೋಡಿಕೊಂಡು ಇಬ್ಬರೇ ಇದ್ದಾರೆ. ನಾವು ಮೂವರು ಮಕ್ಕಳು ಸೇರಿ ಒಂದು ಲಕ್ಷದೊಳಗೆ ಏನಾದರೂ ಕೊಡಬೇಕು ಅಂತಿದ್ದೇವೆ. ನಮ್ಮಣ್ಣ ಬಂಗಾರ ಅನ್ನುತ್ತಾನೆ. ಅಕ್ಕ ಕಾಶಿಗೆ ಕಳಿಸೋಣ ಅನ್ನುತ್ತಾಳೆ. ನನ್ನ ಮನಸ್ಸು ಅಮ್ಮನ ಧಾರೆ ಸೀರೆಯ ಮೇಲಿದೆ. ಮೈಸೂರು ರೇಷ್ಮೆ, ಕಡು ಕೆಂಪು, ಮಡಿಕೆ ಮಡಿಕೆಯಲ್ಲೂ ಸೀಳಿದೆ. ಅಂಥದ್ದೇ ಹೊಸದು ತಂದರೆ ಹೇಗೆ? ಅವರನ್ನೇ ಕೇಳಿದರೆ "ಏನೂ ಬೇಡಪ್ಪ, ಎಲ್ಲ ಇದೆ" ಅಷ್ಟೇ.

ಹಾಸನದ ಅಣ್ಣ:
ನಿಮ್ಮಣ್ಣ ಹೇಳೋದೇ ಸರಿ ತಮ್ಮಾ, ಬಂಗಾರ ಕೊಡಿ. ಕಷ್ಟಕ್ಕೆ ಆಗುತ್ತದೆ, ಮೊಮ್ಮಕ್ಕಳಿಗೂ ಉಳಿಯುತ್ತದೆ. ಹಾಲ್‌ಮಾರ್ಕ್ ಜೊತೆ ಆ ಒಡವೆಗೇ ಕೊಟ್ಟ ಆರು ಅಕ್ಷರ-ಅಂಕಿಗಳ ಗುರುತಾದ ಎಚ್‌ಯುಐಡಿ ಇದೆಯಾ ನೋಡಿಕೊಳ್ಳಿ. ಸರ್ಕಾರದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಒಡವೆಯ ವಿವರ ಬರುತ್ತದೆ.

ಹುಬ್ಬಳ್ಳಿ ಅಕ್ಕ:
ಹತ್ತು ಗ್ರಾಮ್ ಬಂಗಾರದ ರೇಟು 2025ರಲ್ಲೇ ಲಕ್ಷ ದಾಟಿತು. ಮೂರು ಮಕ್ಕಳು ಸೇರಿ ಕೊಟ್ಟರೂ ಒಂದು ಸಣ್ಣ ಒಡವೆ ಆಗುತ್ತದೆ ಅಷ್ಟೇ. ಊರಲ್ಲಿ ಇಬ್ಬರೇ ಇರುವ ವಯಸ್ಸಾದವರ ಮೈಮೇಲೆ ಬಂಗಾರ ಹೆಚ್ಚಿಸೋದು ನನಗಂತೂ ಭಯ. ಸೀರೆಯ ವಿಚಾರ ಒಳ್ಳೆಯದು. ಆದರೆ ಮೈಸೂರು ರೇಷ್ಮೆ ಒಂದು ಅವರ ಹತ್ತಿರ ಇದೆಯಲ್ಲ, ಇಳಕಲ್ ಕೊಡಿ. ತೋಪು ತೆನೆ ಸೆರಗು ನೋಡಿದ್ದೀರಾ? ಒಡಲಿನ ಎಳೆ, ಸೆರಗಿನ ಎಳೆ ಎರಡನ್ನೂ ಕೊಂಡಿ ಕೊಂಡಿಯಾಗಿ ಜೋಡಿಸಿ ನೇಯುತ್ತಾರೆ. ಎರಡು ಬೇರೆ ಬೇರೆ ನೂಲು ಸೇರಿ ಒಂದು ಸೀರೆ. ಐವತ್ತು ವರ್ಷ ಬಾಳಿದವರಿಗೆ ಇದಕ್ಕಿಂತ ಒಪ್ಪುವ ಸೀರೆ ಇನ್ಯಾವುದಿದೆ?

ಬಸವನಗುಡಿ ಅಜ್ಜಿ:
ಮಗು, ನನ್ನ ಮದುವೆಯಾಗಿ 47 ವರ್ಷ ಆಯಿತು, ಅದಕ್ಕೇ ಹೇಳುತ್ತೇನೆ. ನಲವತ್ತನೇ ವರ್ಷಕ್ಕೆ ಮಕ್ಕಳು ಬೆಳ್ಳಿ ದೀಪದ ಕಂಬ ಕೊಟ್ಟರು. ತುಂಬಾ ಚೆನ್ನಾಗಿದೆ. ಅವತ್ತಿನಿಂದ ಬ್ಯಾಂಕ್ ಲಾಕರಿನಲ್ಲೇ ಇದೆ. ಒಂದೇ ಒಂದು ಸಂಜೆ ಹಚ್ಚಿಲ್ಲ.

ಧಾರೆ ಸೀರೆಗೆ ಹೊಸದು ಬದಲಿ ಆಗಲ್ಲ. ಅದೇ ಸೀರೆಯನ್ನು ಉಳಿಸಿಕೊಡು. ಮೊದಲು ಪ್ಲಾಸ್ಟಿಕ್ ಕವರಿನಿಂದ ತೆಗೆ. ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತು, ಹಳೇ ಪಂಚೆಯಾದರೂ ಸಾಕು. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಬೇಕು. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಚಿಟ್ಟರೆ ರೇಷ್ಮೆ ಅಲ್ಲೇ ಮುರಿಯುತ್ತದೆ. ನಿಮ್ಮ ಅಮ್ಮನ ಸೀರೆಗೆ ಆಗಿರೋದೂ ಅದೇ. ನುಸಿ ಗುಳಿಗೆ ಜರಿಗೆ ತಾಗಬಾರದು, ಕಪ್ಪಾಗುತ್ತದೆ. ಇನ್ನೊಂದು ಮಾತು. ಹಳೇ ಜರಿ ಅಂದರೆ ಬೆಳ್ಳಿ ಎಳೆಗೆ ಬಂಗಾರದ ನೀರು ಕೊಟ್ಟದ್ದು. ಮನೆ ಬಾಗಿಲಿಗೆ ಬಂದು ಹಳೇ ಸೀರೆ ಕೊಳ್ಳುವವರು ಅದಕ್ಕೇ ಬರುವುದು. ಕೊಟ್ಟುಬಿಡಬೇಡಿ.

ಅರಸೀಕೆರೆ ಹುಡುಗ:
ಅಜ್ಜಿ, ಪ್ಲಾಸ್ಟಿಕ್ ಕವರ್ ಅಂತ ನಿಮಗೆ ಹೇಗೆ ಗೊತ್ತಾಯಿತು! ಬಟ್ಟೆ ಅಂಗಡಿಯ ಕವರಿನಲ್ಲೇ ಇದೆ. ಈ ವಾರ ಊರಿಗೆ ಹೋದಾಗ ಮೊದಲು ಅದನ್ನೇ ತೆಗೆಯುತ್ತೇನೆ.

ಡಬ್ಲಿನ್ ಕನ್ನಡಿಗ:
ನಾನು ನಿಮ್ಮ ಅಕ್ಕನ ಕಡೆ. ವಸ್ತು ಬೇಡ, ಕಾಶಿಗೇ ಕಳಿಸಿ. ದುಡಿಯುವ ವಯಸ್ಸಿನಲ್ಲಿ ಎಲ್ಲೂ ಹೋಗದವರು ಅವರು. ನಮ್ಮ ತಂದೆಯನ್ನು ಕರೆದುಕೊಂಡು ಹೋಗಬೇಕು ಅಂತ ಎರಡು ಸಲ ಮುಂದೂಡಿದೆ. ಮೂರನೇ ಸಲಕ್ಕೆ ಅವರೇ ಇರಲಿಲ್ಲ.

ಹುಬ್ಬಳ್ಳಿ ಅಕ್ಕ:
ನೋವಾಯಿತು ಓದಿ. ಆದರೂ ಒಂದು ಕೇಳುತ್ತೇನೆ. 76 ವರ್ಷದವರ ಮಂಡಿ ಹೇಗಿದೆ? ಕಾಶಿಯಲ್ಲಿ ಘಾಟಿಗೆ ಇಳಿಯಬೇಕೆಂದರೆ ಎಷ್ಟೊಂದು ಮೆಟ್ಟಿಲು. ಗಲ್ಲಿಗಳಲ್ಲಿ ನಡೆಯಲೇಬೇಕು. ಮಕ್ಕಳಲ್ಲಿ ಒಬ್ಬರು ಜೊತೆಗೆ ಹೋಗುವುದಾದರೆ ಮಾತ್ರ ಕಳಿಸಿ. ಟಿಕೆಟ್ ಕೈಗಿಟ್ಟು "ಹೋಗಿಬನ್ನಿ" ಅನ್ನೋದು ಬೇಡ.

ಅರಸೀಕೆರೆ ಹುಡುಗ:
ಊರಿಗೆ ಹೋಗಿಬಂದೆ. ಸೀರೆ ಈಗ ಅಪ್ಪನ ಹಳೇ ಪಂಚೆಯಲ್ಲಿದೆ. ಅಮ್ಮ ಅಡುಗೆಮನೆಯಲ್ಲಿ ಒಬ್ಬರೇ ಇದ್ದಾಗ ಮತ್ತೆ ಕೇಳಿದೆ. ಕಾಯಿ ತುರಿಯುತ್ತಾ ಕೂತಿದ್ದರು. ತಲೆ ಎತ್ತದೆ ಹೇಳಿದರು: "ನಿಮ್ಮಪ್ಪನಿಗೆ ಕಕ್ಕಸಿನಲ್ಲಿ ಕೂತು ಏಳೋಕೆ ಆಗ್ತಿಲ್ಲ. ನಲ್ಲಿ ಹಿಡ್ಕೊಂಡು ಏಳ್ತಾರೆ. ನಲ್ಲಿನೇ ಅಲ್ಲಾಡ್ತಿದೆ. ಕಮೋಡ್ ಹಾಕಿಸಿಬಿಡು." ಎಷ್ಟು ದಿನದಿಂದ ಅಂತ ಕೇಳಿದೆ. ಎರಡು ವರ್ಷದಿಂದ ಅಂತೆ. ಹೋಗಿ ನೋಡಿದೆ. ನಲ್ಲಿಯ ಬುಡದಲ್ಲಿ ಗಾರೆ ಎದ್ದುಹೋಗಿದೆ. ಇಷ್ಟು ಸಲ ಊರಿಗೆ ಹೋಗಿದ್ದೇನೆ, ಒಂದು ದಿನವೂ ನನಗೆ ಹೊಳೆಯಲಿಲ್ಲ.

ಹಾಸನದ ಅಣ್ಣ:
ಹಾಗಾದರೆ ಉಡುಗೊರೆ ಸಿಕ್ಕಿತಲ್ಲ! ಅದೇ ದುಡ್ಡಲ್ಲಿ ಬಾತ್‌ರೂಮ್ ಪೂರ್ತಿ ಸರಿಮಾಡಿಸಿ. ಬಂಗಾರದ ಮಾತು ವಾಪಸ್ ತೆಗೆದುಕೊಂಡೆ.

ಬಸವನಗುಡಿ ಅಜ್ಜಿ:
ಇಲ್ಲಪ್ಪ, ಅದನ್ನು ನಾನು ಒಪ್ಪಲ್ಲ. ಕಮೋಡ್ ಹಾಕಿಸೋದು ಮಕ್ಕಳ ಕೆಲಸ. ನಾಳೆಯೇ ಗಾರೆಯವರನ್ನು ಕರೆಸು, ಮೇ ತಿಂಗಳವರೆಗೆ ಕಾಯಬೇಡ. ಗೋಡೆಗೆ ಹಿಡಿಕೆ ಹಾಕಿಸು. ಜಾರದ ಟೈಲ್ಸ್ ಹಾಕಿಸು. ಆದರೆ ಅದನ್ನು ಉಡುಗೊರೆ ಅನ್ನಬೇಡ. ಆಕೆ ತನಗೆ ಅಂತ ಏನನ್ನೂ ಕೇಳಿಲ್ಲ ಅನ್ನೋದನ್ನು ಗಮನಿಸಿದೆಯಾ? ಐವತ್ತನೇ ವರ್ಷದ ದಿನ ಆಕೆಗೆ ಮನಸ್ಸು ಅರಳುವಂಥದ್ದು ಬೇರೆ ಏನಾದರೂ ಬೇಕು.

ಡಬ್ಲಿನ್ ಕನ್ನಡಿಗ:
ನಾನು ಹಾಸನದ ಅಣ್ಣನ ಜೊತೆ, ಅಜ್ಜಿ. ಕೇಳಿದ್ದನ್ನು ಕೊಡುವುದಕ್ಕಿಂತ ದೊಡ್ಡದು ಯಾವುದಿದೆ? ಗಂಡ ಸಲೀಸಾಗಿ ಎದ್ದು ಬಂದರೆ ಆಕೆಗೆ ಅದೇ ಸಂತೋಷ.

ಬಸವನಗುಡಿ ಅಜ್ಜಿ:
ಸಂತೋಷ ಹೌದು. ನೆಮ್ಮದಿ ಅನ್ನು. ನೆಮ್ಮದಿ ದಿನಾ ಬೇಕು, ಹಬ್ಬದ ದಿನ ಇನ್ನೊಂದಿಷ್ಟು ಬೇಕು.

ಶಿವಮೊಗ್ಗ ಸ್ಟುಡಿಯೊ:
ನಾನು ಫೋಟೊ ಕೆಲಸದವನು. ಮದುವೆಯ ಫೋಟೊ ಇದೆಯಾ ಮನೆಯಲ್ಲಿ? ಆ ಕಾಲದ ಕಪ್ಪು ಬಿಳುಪು ಪ್ರಿಂಟ್ ಚೆನ್ನಾಗಿ ಸ್ಕ್ಯಾನ್ ಮಾಡಿದರೆ ಮುಖಗಳು ಎಷ್ಟು ಸ್ಪಷ್ಟ ಬರುತ್ತವೆ ಅಂದರೆ ನಂಬಲ್ಲ ನೀವು.

ಅರಸೀಕೆರೆ ಹುಡುಗ:
ಒಂದಿದೆ ಸಾರ್. ಛತ್ರದ ಮುಂದೆ ಎಲ್ಲರೂ ನಿಂತಿರೋದು. ಕಟ್ಟು ಹಾಕಿಸಿ ಗೋಡೆಗೆ ಹಾಕಿದ್ದಾರೆ. ಒಂದು ಮಳೆಗಾಲ ಗೋಡೆ ನೆನೆದು ಫೋಟೊ ಗಾಜಿಗೆ ಅಂಟಿಕೊಂಡಿದೆ. ಅಮ್ಮನ ಕಡೆಯ ಅರ್ಧ ಭಾಗ ಮೋಡ ಕವಿದ ಹಾಗೆ ಕಾಣುತ್ತದೆ. ಅಮ್ಮನ ಅಮ್ಮ ಅಲ್ಲೇ ನಿಂತಿದ್ದಾರೆ. ಅವರದ್ದು ಬೇರೆ ಫೋಟೊನೇ ಇಲ್ಲ. ಬಿಡಿಸಿ ತರಲಾ?

ಶಿವಮೊಗ್ಗ ಸ್ಟುಡಿಯೊ:
ಬೇಡ ಬೇಡ, ಕೈ ಹಾಕಬೇಡಿ! ಎಳೆದರೆ ಮೇಲಿನ ಪದರ ಗಾಜಿಗೇ ಉಳಿದುಬಿಡುತ್ತದೆ, ಅಜ್ಜಿಯ ಮುಖ ಹೋಗುತ್ತದೆ. ಗಾಜು ಸಮೇತ ತನ್ನಿ. ಕಟ್ಟು ಮಾತ್ರ ಹಿಂದಿನಿಂದ ನಿಧಾನಕ್ಕೆ ಬಿಚ್ಚಿ. ಗಾಜಿನ ಹೊರಗಡೆ ಒರೆಸಿ, ಗಾಜಿನ ಮೇಲಿನಿಂದಲೇ ಕನಿಷ್ಠ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ. ಹೊಳಪು ಬಂದರೆ ಕ್ಯಾಮೆರಾದಲ್ಲಿ, ಎರಡೂ ಬದಿಯಿಂದ ಬೆಳಕು ಕೊಟ್ಟು ತೆಗೆಯಬಹುದು. ಒಂದು ವಿಚಾರದಲ್ಲಿ ಗಟ್ಟಿಯಾಗಿರಿ. ಈಗ ಕಂಪ್ಯೂಟರೇ ಹೊಸ ಮುಖ ಬರೆದುಕೊಡುತ್ತದೆ. ಕಣ್ಣು ಮೂಗು ಚೆಂದ ಇರುತ್ತದೆ, ಆದರೆ ಅದು ನಿಮ್ಮ ಅಜ್ಜಿ ಆಗಿರಲ್ಲ. ಕಲೆ ಮಾತ್ರ ತೆಗೆಸಿ. ಮುಖ ಎಷ್ಟಿದೆಯೋ ಅಷ್ಟೇ ಇರಲಿ.

ಹುಬ್ಬಳ್ಳಿ ಅಕ್ಕ:
ಇದು ನನಗೆ ಹಿಡಿಸಿತು. ಇಳಕಲ್ ಬಿಟ್ಟುಕೊಟ್ಟೆ. ಫೋಟೊ ಮಾಡಿಸಿದ ಮೇಲೆ ಅದರಲ್ಲಿರುವವರ ಹೆಸರನ್ನೆಲ್ಲ ಅಪ್ಪ ಅಮ್ಮನ ಹತ್ತಿರ ಕೇಳಿ ಹಿಂದೆ ಬರೆದಿಡಿ ತಮ್ಮಾ. ಅವರಿಬ್ಬರಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿರಲ್ಲ.

ಅರಸೀಕೆರೆ ಹುಡುಗ:
ನಮ್ಮಣ್ಣ, ನಮ್ಮಕ್ಕ ಇಬ್ಬರಿಗೂ ಫೋನ್ ಮಾಡಿದೆ. ಬಾತ್‌ರೂಮ್ ಕೆಲಸಕ್ಕೆ ಸೋಮವಾರ ಗಾರೆಯವರು ಬರುತ್ತಾರೆ, ಅದರ ಖರ್ಚು ಅಣ್ಣನದ್ದು. ಕಾಶಿಗೆ ಮಂಡಿ ತೋರಿಸಿದ ಮೇಲೆ ಅಕ್ಕನೇ ಜೊತೆಗೆ ಹೋಗುತ್ತಾಳಂತೆ. ಫೋಟೊ ನನ್ನದು. ಶನಿವಾರ ಗಾಜು ಸಮೇತ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತರುತ್ತೇನೆ. ಸ್ಟುಡಿಯೊ ಸಾರ್, ಮಲಗಿಸಿ ತರಬೇಕಾ, ನಿಲ್ಲಿಸಿ ತರಬೇಕಾ?

ಶಿವಮೊಗ್ಗ ಸ್ಟುಡಿಯೊ:
ತೊಡೆಯ ಮೇಲೆ ಮಲಗಿಸಿಕೊಳ್ಳಿ, ಗಾಜು ಕೆಳಗೆ ಬರಲಿ. ಹಿಂದಿನ ಸೀಟು ಮಾತ್ರ ಬೇಡ.