ಹಳೇ ಬೆಂಜ್ 911 ಲಾರಿ: ರಸ್ತೆ ಮೂಲಕ ಜರ್ಮನಿಯಿಂದ ಬೆಂಗಳೂರಿಗೆ, ಸ್ಪೇರ್ಸ್ ಏನು ತರಲಿ?

ಪ್ರಶ್ನೆ: ಫೋರ್ ವೀಲ್ ಡ್ರೈವ್, ಒಎಂ 352 ಇಂಜಿನ್. ಯಾವುದು ಅಲ್ಲಿಂದಲೇ ಹೊತ್ತು ತರಬೇಕು, ಯಾವುದು ಇಲ್ಲಿ ಸಿಗುತ್ತೆ?

ಉತ್ತರ 1: ಇಂಜಿನ್ ಚಿಂತೆ ಬಿಡಿ. ನಮ್ಮ ಟಾಟಾ 697 ಇಂಜಿನ್ ಅದರದೇ ಸಂತಾನ. ಬೋರ್ (ಸಿಲಿಂಡರ್ ಅಗಲ) 97, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 128 ಮಿ.ಮೀ. ಎರಡಕ್ಕೂ ಒಂದೇ. ಹಾಗಂತ ನೋಡದೇ ಪಾರ್ಟ್ಸ್ ಖರೀದಿ ಮಾಡಬೇಡಿ. ಹೆಡ್ ಗ್ಯಾಸ್ಕೆಟ್ಟನ್ನ (ಇಂಜಿನ್ ಬ್ಲಾಕ್, ಹೆಡ್ ನಡುವಿನ ಹಾಳೆ) ಹಳೇದರ ಮೇಲಿಟ್ಟು ನೀರಿನ ತೂತು ತಾಳೆ ನೋಡಿ.

ಉತ್ತರ 2: ನಿಜವಾದ ತಲೆನೋವು ಮುಂದಿನ ಆಕ್ಸಲ್, ಟ್ರಾನ್ಸ್‌ಫರ್ ಕೇಸ್ (ಹಿಂದೆ-ಮುಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ). ಅವುಗಳ ಆಯಿಲ್ ಸೀಲ್, ಜಾಯಿಂಟ್ ಕ್ರಾಸ್ (ಶಾಫ್ಟ್ ಜೋಡಿಸುವ ಅಡ್ಡ ತುಂಡು) ಒಂದೊಂದು ಸೆಟ್ ಅಲ್ಲಿಂದಲೇ ತನ್ನಿ. ಬೇರಿಂಗ್ ಆದ್ರೆ ಮೇಲಿನ ನಂಬರ್ ಬರ್ಕೊಳ್ಳಿ, ಬೆಂಗಳೂರಿನ ಬಿಡಿಭಾಗಗಳ ಪೇಟೆ ಜೆ.ಸಿ. ರೋಡಲ್ಲಿ ಹುಡುಕಬಹುದು.

ಉತ್ತರ 3: ಟೈರ್ 20 ಇಂಚಿನದೇ ಇರಲಿ, ಇಲ್ಲಿ ಸಿಗುತ್ತೆ. ಲಾಕ್ ರಿಂಗ್ ಡಿಸ್ಕ್ (ಟೈರನ್ನ ಬಿಡಿ ಉಂಗುರ ಹಿಡಿದಿಡುವ ಚಕ್ರ) ಆದ್ರೆ ಗಾಳಿ ತುಂಬುವಾಗ ಚೈನ್ ಸುತ್ತಿ, ಎದುರು ನಿಲ್ಲಬೇಡಿ. ತುಕ್ಕು ಹಿಡಿದ ರಿಂಗ್ ಸಿಡಿದ್ರೆ ಜೀವಕ್ಕೇ ಕುತ್ತು.