ಬಾಗ್ದಾದಿನ ಮುತ್ತಿಗೆ (812–813): ಕೋಟೆಯಿಂದ ಉಳಿದಿತ್ತೇ, ಜನರಿಂದಲೇ?

ಪ್ರಶ್ನೆ – ಹಳೆಯ ಓದುಗ

ಅಬ್ಬಾಸಿದ್ ಖಲೀಫ ಹಾರೂನ್ ಅಲ್-ರಷೀದ್ 809ರಲ್ಲಿ ತೀರಿಕೊಂಡ ಮೇಲೆ ಅವನ ಮಕ್ಕಳಾದ ಅಲ್-ಅಮೀನ್ ಮತ್ತು ಅಲ್-ಮಾಮೂನ್ ನಡುವೆ ನಡೆದ ದಾಯಾದಿ ಕಲಹದ ಬಗ್ಗೆ ಓದುತ್ತಿದ್ದೇನೆ. 811ರಲ್ಲಿ ರಯ್ ಪಟ್ಟಣದ ಬಳಿ ಮಾಮೂನನ ಸೇನಾನಿ ತಾಹಿರ್ ತನ್ನದಕ್ಕಿಂತ ಹಲವು ಪಟ್ಟು ದೊಡ್ಡದಾದ ಅಮೀನನ ಸೈನ್ಯವನ್ನು ಒಂದೇ ಕಾಳಗದಲ್ಲಿ ಮುರಿದುಹಾಕಿದ. ಅಂಥವನಿಗೆ ಬಾಗ್ದಾದನ್ನು ಗೆಲ್ಲಲು 812ರ ಆಗಸ್ಟಿನಿಂದ 813ರ ಸೆಪ್ಟೆಂಬರಿನವರೆಗೆ ಏಕೆ ಬೇಕಾಯಿತು? ಖಲೀಫ ಮನ್ಸೂರ್ ಕಟ್ಟಿಸಿದ ವೃತ್ತಾಕಾರದ ಕೋಟೆ ಅಷ್ಟು ಬಲವಾಗಿತ್ತೇ? ಬಲವಾಗಿದ್ದರೆ ಕೊನೆಗೆ ಬಿದ್ದದ್ದು ಹೇಗೆ?

ಉತ್ತರ 1 – ಟೈಗ್ರಿಸ್ ದಡ

ಕೋಟೆಗೆ ನೀವು ಕೊಡುತ್ತಿರುವ ಮಹತ್ವ ಹೆಚ್ಚಾಯಿತೆಂದು ನನಗನ್ನಿಸುತ್ತದೆ. ಮನ್ಸೂರ್ 762ರಲ್ಲಿ ಅಡಿಪಾಯ ಹಾಕಿದ ಆ ನಗರಕ್ಕೆ ನಾಲ್ಕು ಹೆಬ್ಬಾಗಿಲುಗಳೂ ದಪ್ಪ ಗೋಡೆಗಳೂ ಇದ್ದದ್ದು ನಿಜ. ಆದರೆ ಅರ್ಧ ಶತಮಾನದೊಳಗೆ ಊರು ಆ ಗೋಡೆಗಳನ್ನು ದಾಟಿ ಬೆಳೆದಿತ್ತು. ದಕ್ಷಿಣಕ್ಕೆ ಕರ್ಖ್ ಎಂಬ ವ್ಯಾಪಾರದ ಕೇರಿ, ಉತ್ತರಕ್ಕೆ ಸೈನಿಕರ ಮನೆಗಳಿದ್ದ ಹರ್ಬಿಯ್ಯ, ನದಿಯಾಚೆ ರುಸಾಫ, ಇವೆಲ್ಲ ಕೋಟೆಯ ಹೊರಗಿದ್ದವು. ಪಶ್ಚಿಮದಲ್ಲಿ ಅನ್ಬಾರ್ ಬಾಗಿಲಿನ ಹತ್ತಿರದ ತೋಟವೊಂದರಲ್ಲಿ ತಾಹಿರ್ ಬೀಡುಬಿಟ್ಟ. ಪೂರ್ವ ದಡದ ಮುತ್ತಿಗೆಯನ್ನು ಹರ್ಸಮಾ ಇಬ್ನ್ ಅಯನ್ ಎಂಬ, ಮಾಮೂನನ ಇನ್ನೊಬ್ಬ ಹಿರಿಯ ಸೇನಾನಿ ವಹಿಸಿಕೊಂಡ. ಎರಡೂ ಕಡೆ ಕಲ್ಲೆಸೆಯುವ ಯಂತ್ರಗಳಿದ್ದವು. ಹೀಗಾಗಿ ಕಾದಾಟ ನಡೆದದ್ದು ಕೋಟೆಯ ಗೋಡೆಯ ಮೇಲಲ್ಲ. ಬೀದಿಗಳಲ್ಲಿ, ಕಾಲುವೆಗಳ ಅಂಚಿನಲ್ಲಿ, ಮನೆ ಮನೆಗಳ ನಡುವೆ. ಬಯಲಿನ ಕಾಳಗದಲ್ಲಿ ಗೆಲ್ಲಿಸುವ ಕುದುರೆ ಸವಾರರಿಗೆ ಇಂಥ ಓಣಿಗಳಲ್ಲಿ ಏನು ಕೆಲಸ?

ಅಮೀನನ ಪರವಾಗಿ ಹೋರಾಡಿದವರಲ್ಲಿ ಮುಖ್ಯರು ‘ಅಬ್ನಾ’ ಎನ್ನಿಸಿಕೊಂಡ, ಬಾಗ್ದಾದಿನಲ್ಲಿ ನೆಲೆನಿಂತ ಹಳೆಯ ಖುರಾಸಾನಿ ಸೈನಿಕರ ಮಕ್ಕಳು. ಪರ್ಷಿಯಾದ ಪೂರ್ವಕ್ಕಿದ್ದ ಖುರಾಸಾನ್ ಪ್ರಾಂತದ ಮರ್ವ್ ಪಟ್ಟಣದಲ್ಲಿ ಕುಳಿತ ಮಾಮೂನ್ ಗೆದ್ದರೆ ತಮ್ಮ ಸಂಬಳ ಮತ್ತು ಸ್ಥಾನಮಾನ ಹೊಸ ಖುರಾಸಾನಿಗಳ ಪಾಲಾಗುತ್ತದೆ ಎಂಬುದು ಅವರ ಭಯವಾಗಿತ್ತು.

ಉತ್ತರ 2 – ಕವಣೆಗಾರ

ಮೇಲಿನ ಉತ್ತರ ಸರಿಯೇ, ಆದರೆ ಅಬ್ನಾ ದಳಗಳನ್ನು ಮುಂದಿಟ್ಟು ಅದು ನಿಜವಾದ ಕಾವಲುಗಾರರನ್ನು ಮರೆತಿದೆ. ದಿನ ಕಳೆದಂತೆ ಅನೇಕ ದಳಪತಿಗಳು ತಾಹಿರನ ಕಡೆಗೆ ಜಾರಿಕೊಂಡರು. ನಗರದಲ್ಲಿದ್ದ ಅವರ ಜಮೀನು ಮತ್ತು ಆದಾಯವನ್ನು ಅವನು ಜಪ್ತಿಮಾಡುತ್ತಿದ್ದುದೇ ಅದಕ್ಕೆ ಸಾಕಾಗಿತ್ತು. ಕೊನೆಯವರೆಗೆ ಬೀದಿಗಿಳಿದು ಕಾದಿದವರು ಸೆರೆಮನೆಯಿಂದ ಹೊರಬಂದವರು, ಬೀದಿ ವ್ಯಾಪಾರಿಗಳು, ಕೂಲಿಕಾರರು. ಅರಬ್ ಚರಿತ್ರಕಾರರು ಇವರನ್ನು ‘ಬೆತ್ತಲೆಯವರು’ ಎಂದು ಕರೆದರು, ಏಕೆಂದರೆ ಇವರ ಮೈಮೇಲೆ ಕವಚವಿರಲಿಲ್ಲ. ತಾಳೆಗರಿಯ ಶಿರಸ್ತ್ರಾಣ, ರಾಳ ಬಳಿದ ಜೊಂಡಿನ ಚಾಪೆಯ ಗುರಾಣಿ, ಕೈಯಲ್ಲಿ ಕವಣೆ, ಇಷ್ಟೇ ಇವರ ಆಯುಧಶಾಲೆ.

ಒಂದು ಪ್ರಸಂಗವನ್ನು ಹೇಳದೆ ಇರಲಾರೆ. ಖುರಾಸಾನಿ ಬಿಲ್ಲುಗಾರನೊಬ್ಬ ಇಂಥ ಒಬ್ಬನ ಮೇಲೆ ಬಾಣದ ಮೇಲೆ ಬಾಣ ಬಿಡುತ್ತಾನೆ. ಅವನು ಪ್ರತಿ ಬಾಣವನ್ನೂ ಚಾಪೆಯ ಗುರಾಣಿಯಲ್ಲಿ ಹಿಡಿದು, ಕಿತ್ತು ಜೋಪಾನವಾಗಿಟ್ಟುಕೊಂಡು ‘ಒಂದು ದಾನಿಕ್!’ ಎಂದು ಕೂಗುತ್ತಾನೆ. ದಾನಿಕ್ ಎಂದರೆ ದಿರ್ಹಮಿನ ಆರನೆಯ ಒಂದು ಭಾಗ, ಅಂದರೆ ಅವನು ಎಣಿಸುತ್ತಿದ್ದುದು ಬಾಣದ ಬೆಲೆಯನ್ನು. ಬತ್ತಳಿಕೆ ಬರಿದಾದಾಗ ಅವನ ಕವಣೆಯ ಕಲ್ಲು ಬಿಲ್ಲುಗಾರನ ಕಣ್ಣಿಗೆ ತಾಗುತ್ತದೆ. ಕಥೆ ಸ್ವಲ್ಪ ಬಣ್ಣ ಕಟ್ಟಿದ್ದಿರಬಹುದು. ಆದರೂ ಈ ಯುದ್ಧ ಯಾರ ನಡುವಿನದಾಗಿತ್ತು ಎಂಬುದನ್ನು ಅದರಷ್ಟು ಚೆನ್ನಾಗಿ ಹೇಳುವುದು ಬೇರೊಂದಿಲ್ಲ. ಹಾಗೆಂದು ಇವರನ್ನು ವೀರರೆಂದು ಮೆರೆಸಲೂ ಆಗದು: ಕರ್ಖಿನ ವರ್ತಕರಿಗೆ ಇವರ ಲೂಟಿಯ ಹೆದರಿಕೆ ಮುತ್ತಿಗೆಯ ಹೆದರಿಕೆಗಿಂತ ಕಡಿಮೆಯೇನೂ ಇರಲಿಲ್ಲ.

ಹಳೆಯ ಓದುಗ

ಇಬ್ಬರಿಗೂ ವಂದನೆಗಳು. ಹಾಗಾದರೆ ಇಂಥವರನ್ನು ತಾಹಿರ್ ಕೊನೆಗೆ ಸೋಲಿಸಿದ್ದು ಹೇಗೆ? ಅಮೀನ್ ತಾಹಿರನಿಗಲ್ಲದೆ ಹರ್ಸಮಾನಿಗೆ ಶರಣಾಗಲು ಹೊರಟದ್ದೇಕೆ?

ಉತ್ತರ 3 – ದೋಣಿಸೇತುವೆ

ತಾಹಿರ್ ಅವರನ್ನು ಕಾಳಗದಲ್ಲಿ ಸೋಲಿಸಿದನೆನ್ನುವುದಕ್ಕಿಂತ ಹಸಿವಿಗೆ ಒಪ್ಪಿಸಿದನೆನ್ನುವುದು ಮೇಲು. ಕಸ್ರ್ ಸಾಲಿಹ್ ಎಂಬ ಅರಮನೆಯ ಬಳಿ ನಡೆದ ಕದನದಲ್ಲಿ ಅವನ ಸೈನ್ಯಕ್ಕೆ ಭಾರಿ ಪೆಟ್ಟು ಬಿದ್ದ ಮೇಲೆ ಅವನು ದಾರಿ ಬದಲಿಸಿದ: ವಿರೋಧಿಸಿದ ಕೇರಿಗಳ ಮನೆಗಳನ್ನು ಕೆಡವಿಸಿದ, ತನ್ನ ಹಿಡಿತಕ್ಕೆ ಬಾರದ ಕೇರಿಗಳಿಗೆ ಹಿಟ್ಟು ಧಾನ್ಯ ಹೋಗದಂತೆ ದೋಣಿಗಳನ್ನು ತಡೆದ. ಅತ್ತ ಅಮೀನ್ ಚಿನ್ನ ಬೆಳ್ಳಿಯ ಪಾತ್ರೆಗಳನ್ನು ಕರಗಿಸಿ ಸಂಬಳ ಹಂಚುತ್ತಿದ್ದ. ನಿರ್ಣಾಯಕ ಏಟು ಬಂದದ್ದು ಒಳಗಿನಿಂದ. 813ರ ಸೆಪ್ಟೆಂಬರಿನಲ್ಲಿ ಖುಝೈಮಾ ಇಬ್ನ್ ಖಾಝಿಮ್ ಎಂಬ ಹಿರಿಯ ಗಣ್ಯ ತಾಹಿರನೊಂದಿಗೆ ಒಪ್ಪಂದ ಮಾಡಿಕೊಂಡು ಟೈಗ್ರಿಸ್ ಮೇಲಿನ ದೋಣಿಸೇತುವೆಯನ್ನು ಕಡಿಸಿದ. ಪೂರ್ವ ದಡ ಅಮೀನನ ಕೈತಪ್ಪಿತು, ಮರುದಿನವೇ ತಾಹಿರ್ ಕರ್ಖಿಗೆ ನುಗ್ಗಿದ.

ಹರ್ಸಮಾ ಅಮೀನನ ತಂದೆಯ ಕಾಲದಿಂದ ಅರಮನೆಯ ನಂಬಿಕಸ್ಥ. ತಾಹಿರನ ಕೈಗೆ ಸಿಕ್ಕರೆ ಜೀವ ಉಳಿಯದೆಂದು ಅಮೀನನಿಗೆ ತಿಳಿದಿತ್ತು. ತಾಹಿರನಾದರೋ ಗೆಲುವಿನ ಕೀರ್ತಿ ಹರ್ಸಮಾನಿಗೆ ಹೋಗುವುದನ್ನು ಸಹಿಸಲಿಲ್ಲ. ಹಾಗಾಗಿ ಅಮೀನ್ ಹರ್ಸಮಾನ ಬಳಿಗೆ ಹೋಗುವುದು, ಖಲೀಫನ ಉಂಗುರ, ದಂಡ ಮತ್ತು ನಿಲುವಂಗಿ ತಾಹಿರನಿಗೆ ಬರುವುದು ಎಂದು ಪಾಲುಮಾಡಿಕೊಂಡರು. ಆದರೆ ಆ ರಾಜಚಿಹ್ನೆಗಳೂ ಅಮೀನನ ಜೊತೆಯಲ್ಲೇ ಹೋಗುತ್ತಿವೆಯೆಂಬ ಸುದ್ದಿ ಕೇಳಿ ತಾಹಿರನ ಜನರು ರಾತ್ರಿ ದೋಣಿಯನ್ನು ಮುಳುಗಿಸಿದರು. ಹರ್ಸಮಾನನ್ನು ಅಂಬಿಗ ನೀರಿನಿಂದೆತ್ತಿದ. ಈಜಿ ದಡ ಸೇರಿದ ಅಮೀನ್ ಸಿಕ್ಕಿಬಿದ್ದು ಅದೇ ರಾತ್ರಿ ಹತನಾದ. ಅವನ ತಲೆ ಮರ್ವಿಗೆ ಹೋಯಿತು. ಗೆದ್ದ ಮಾಮೂನ್ ಬಾಗ್ದಾದಿಗೆ ಕಾಲಿಟ್ಟದ್ದು 819ರಲ್ಲಿ.